ಶಾಲೆಯಲ್ಲಿ ಒಂದು ಲೆಕ್ಕ, ಮನೆಯಲ್ಲಿ ಇನ್ನೊಂದು

ಕಳೆಯುವ ಲೆಕ್ಕವನ್ನು ಮನೆಯಲ್ಲಿ ಸರಿಯಾಗಿ ಮಾಡುವ ಮಗಳು ಶಾಲೆಯಲ್ಲಿ ಯಾಕೆ ತಪ್ಪುತ್ತಾಳೆ ಎಂದು ಕೇಳಿದ್ದೀರಿ. ಕಾರಣ ಬಹುಶಃ ಎರಡು ವಿಧಾನಗಳ ಕಲಬೆರಕೆ. ನೀವು ಪಕ್ಕದ ಸ್ಥಾನದಿಂದ ಸಾಲ ತಗೊಳ್ಳುವುದನ್ನು ಕಲಿಸುತ್ತಿದ್ದೀರಿ. ಶಾಲೆ ಕೊಟ್ಟ ವರ್ಷದ ಗುರಿಗಳ ಹಾಳೆಯಲ್ಲಿ 'ಸಂಖ್ಯಾರೇಖೆ ಬಳಸಿ ಕಳೆಯುವುದು' ಅಂತಿದೆ. ಅಂದರೆ ಸಂಖ್ಯೆಗಳನ್ನು ಸಾಲಾಗಿ ಗುರುತಿಸಿದ ಗೆರೆಯ ಮೇಲೆ ಜಿಗಿಯುತ್ತಾ ಎಣಿಸುವುದು: 52ರಲ್ಲಿ 27 ಕಳೆಯಲು 27ರಿಂದ 30ಕ್ಕೆ 3, ಅಲ್ಲಿಂದ 50ಕ್ಕೆ 20, ಆಮೇಲೆ 52ಕ್ಕೆ 2. ಒಟ್ಟು 25. ಎರಡೂ ಸರಿಯೇ. ಆದರೆ ಒಟ್ಟಿಗೆ ಕಲಿತರೆ ಮಗು ಅರ್ಧ ಇದು, ಅರ್ಧ ಅದು ಮಾಡಬಹುದು. ನಮ್ಮ ಮಗನೂ ಹಾಗೇ ಮಾಡುತ್ತಿದ್ದ.

ಮೊದಲು ಎರಡು ವಾರ ನಿಮ್ಮ ವಿಧಾನ ನಿಲ್ಲಿಸಿ. ಕೈ ಸುಮ್ನೆ ಇರಲ್ಲ, ಗೊತ್ತು! ಆಮೇಲೆ ತಪ್ಪಾದ ಒಂದು ಲೆಕ್ಕವನ್ನು ಟೀಚರ್‌ಗೆ ತೋರಿಸಿ, ಸಾಲ ತಗೊಳ್ಳುವುದನ್ನು ಯಾವ ತಿಂಗಳು ಶುರು ಮಾಡುತ್ತೀರಿ ಎಂದು ಕೇಳಿ. ಅಲ್ಲಿಯವರೆಗೆ ದಿನಕ್ಕೆ ಹತ್ತು ನಿಮಿಷ ಮಗಳೇ ನಿಮಗೆ ಶಾಲೆಯ ವಿಧಾನದ ಪಾಠ ಮಾಡಲಿ. ತಡವರಿಸಿದ ಜಾಗ ಬರೆದಿಟ್ಟುಕೊಂಡು ಪೋಷಕರ ಸಭೆಗೆ ಒಯ್ಯಿರಿ. ಅದೇ ಗುರಿಗಳ ಹಾಳೆಯಲ್ಲಿರುವ 'ಪೋಷಕರ ಕೊಡುಗೆ' ಅನ್ನುವ ಮಾತಿನ ಅರ್ಥ ಇಂಥದ್ದೇ ಇರಬೇಕು, ದುಡ್ಡಲ್ಲ. ಅದನ್ನೂ ಕೇಳಿಬಿಡಿ.

ನೋಟ್‌ಬುಕ್ ನೋಡದೆ ಖಚಿತವಾಗಿ ಹೇಳಲಾರೆ. ಸಂಖ್ಯಾರೇಖೆಯಲ್ಲೂ ತಪ್ಪಿದರೆ ಹತ್ತು-ಬಿಡಿ ಸ್ಥಾನಗಳು ಇನ್ನೂ ಅರ್ಥವಾಗಿಲ್ಲದಿರಬಹುದು. ಆಗ ಹತ್ತತ್ತು ಕಡ್ಡಿಗಳ ಕಟ್ಟು ಮಾಡಿ, ಬಿಚ್ಚಿ ಕಳೆಯುವುದರಿಂದ ಶುರು ಮಾಡಿ.