ಪಕ್ಷ, ನಾಯಕ ಮತ್ತು ನಮ್ಮ ಸ್ವಂತ ಕಾರಣಗಳು

ಪಕ್ಷ ಮತ್ತು ನಾಯಕರ ಬಗ್ಗೆ ಬಂದಿರುವ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಹೆಸರು ಪ್ರಕಟಿಸಬೇಡಿ ಎಂದು ನಾಲ್ವರೂ ಕೋರಿರುವುದರಿಂದ ಪತ್ರ ಬಂದ ಸೀಮೆಯನ್ನಷ್ಟೇ ಸೂಚಿಸಿದ್ದೇನೆ.

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ. ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ಡಿಕ್ಲರೇಷನ್, ಅಂದರೆ ಉಳುವವನು ನಾನೇ ಎಂಬ ಅರ್ಜಿ, ಕೊಟ್ಟು ಗೇಣಿ ಗದ್ದೆಯನ್ನು ಸ್ವಂತ ಮಾಡಿಕೊಂಡವರು ನಮ್ಮಜ್ಜ. ಅಂದಿನಿಂದ ಇಂದಿನವರೆಗೂ ಅವರು ಕಾಂಗ್ರೆಸ್ಸಿಗೇ ಮತ ಹಾಕುತ್ತ ಬಂದಿದ್ದಾರೆ. ಅಪ್ಪ ಇನ್ನೊಂದು ಪಕ್ಷದ ನಾಯಕರ ಮಾತು, ನಡತೆ ಮೆಚ್ಚಿ ಆ ಕಡೆಗೆ ಹೋದವರು. ಈಗ ನನ್ನ ಹೆಸರೂ ಮತದಾರರ ಪಟ್ಟಿಗೆ ಸೇರಿದೆ. ಹಳ್ಳಿಯ ಹೆಣ್ಣುಮಕ್ಕಳು ಓದು ಮುಂದುವರಿಸಲು ಬಸ್ಸು ಮತ್ತು ಹಾಸ್ಟೆಲ್ ಬೇಕು ಎಂಬುದು ನನ್ನ ಅನುಭವ. ಅದರ ಬಗ್ಗೆ ಮಾತನಾಡುವ ಪಕ್ಷದ ಕಡೆಗೆ ನನ್ನ ಮನಸ್ಸು ವಾಲಿದೆ. ಕಾಲೇಜಿನ ಗೆಳತಿಯರು ಇದೆಲ್ಲ ಸ್ವಾರ್ಥ, ದೇಶವನ್ನು ನೋಡಿ ಮತ ಹಾಕಬೇಕು ಎನ್ನುತ್ತಾರೆ. ಸ್ವಂತ ಕಾರಣಕ್ಕಾಗಿ ಒಂದು ಪಕ್ಷವನ್ನು ಬೆಂಬಲಿಸುವುದು ತಪ್ಪೇ?

ಉತ್ತರ: ತಪ್ಪಲ್ಲ. ನಿಮ್ಮ ಮನೆಯ ಮೂರು ತಲೆಮಾರಿನ ಮೂರು ಕಾರಣಗಳೂ ಗೌರವಕ್ಕೆ ಅರ್ಹವಾದವೇ. ಆದರೆ ಮೂರೂ ಒಂದೇ ಬಗೆಯವಲ್ಲವಾದ್ದರಿಂದ ಒಂದೊಂದನ್ನೂ ಬಿಡಿಸಿ ನೋಡಬೇಕಾಗುತ್ತದೆ.

ನಿಮ್ಮಜ್ಜನ ಕಾರಣವನ್ನು ಸ್ವಾರ್ಥವೆಂದು ತಳ್ಳಿಹಾಕುವವರು ನಿಮ್ಮ ತಾಲ್ಲೂಕಿನ ಚರಿತ್ರೆಯನ್ನು ಒಮ್ಮೆ ಓದಬೇಕು. ಗೇಣಿ ಭತ್ತವನ್ನು ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಎಂಬ ತಕರಾರಿನಿಂದ ಹುಟ್ಟಿಕೊಂಡದ್ದು 1951ರ ಕಾಗೋಡು ಸತ್ಯಾಗ್ರಹ. ಕಣದಲ್ಲಿ ರಾಶಿ ಹಾಕಿದ ಭತ್ತವನ್ನು ಒಡೆಯರ ಕೊಳಗದಲ್ಲಿ ಅಳೆದು ಕೊಟ್ಟ ಮೇಲೆ ಒಕ್ಕಲಿನ ಮನೆಗೆ ಎಷ್ಟು ಉಳಿಯುತ್ತದೆ ಎಂಬುದಕ್ಕಿಂತ ಸ್ವಂತದ್ದಾದ ಪ್ರಶ್ನೆ ಇನ್ನಾವುದಿದೆ? ಆ ಒಂದು ಮನೆಯ ಲೆಕ್ಕವೇ ಊರಿನ ಗೇಣಿದಾರರೆಲ್ಲರ ಲೆಕ್ಕವೂ ಆಗಿದ್ದರಿಂದ ಅದು ರಾಜಕೀಯವಾಯಿತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಮರುವರ್ಷ ಶಾಂತವೇರಿ ಗೋಪಾಲಗೌಡರು ಸಮಾಜವಾದಿಯಾಗಿ ವಿಧಾನಸಭೆಗೆ ಆರಿಸಿಬಂದರು. ಮುಂದೆ, ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ, ಗೇಣಿದಾರರು ಏಳನೇ ನಮೂನೆಯ ಅರ್ಜಿ ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತು ತಾವು ಉಳುತ್ತಿದ್ದ ನೆಲವನ್ನು ತಮ್ಮದಾಗಿಸಿಕೊಂಡರು. ಒಡೆಯರ ಎದುರಿನಲ್ಲೇ ನಿಂತು ‘ಈ ಗದ್ದೆಯನ್ನು ಉಳುತ್ತಿರುವವನು ನಾನು’ ಎಂದು ಹೇಳುವುದು ಅಂದಿನ ಒಕ್ಕಲಿಗೆ ಸುಲಭದ ಮಾತಾಗಿರಲಿಲ್ಲ. ಹಾಗೆ ಹೇಳಿ ಗೆದ್ದ ಮನುಷ್ಯ ತನಗೆ ಆ ಬಲ ಕೊಟ್ಟ ಸರ್ಕಾರವನ್ನು ನೆನೆಯುವುದರಲ್ಲಿ ಹೀನವಾದದ್ದೇನೂ ಇಲ್ಲ.

ಆದರೆ ಆ ಉಪಕಾರ ಯಾರದ್ದು ಎಂದು ಕೇಳಿಕೊಂಡರೆ ಉತ್ತರ ಅಷ್ಟು ಸರಳವಾಗಿಲ್ಲ. ನಿಮ್ಮ ಸೀಮೆಯಲ್ಲಿ ಹೋರಾಟ ಕಟ್ಟಿದವರು ಸಮಾಜವಾದಿಗಳು. ಕಾಯ್ದೆ ತಂದದ್ದು ಕಾಂಗ್ರೆಸ್ ಸರ್ಕಾರ. ಆ ಸರ್ಕಾರದ ಒಳಗೂ ಹೊರಗೂ ಇದ್ದ ವಿರೋಧವನ್ನು ಎದುರಿಸಿ ಅದನ್ನು ನಡೆಸಿದವರು ಅರಸು. 1972ರಲ್ಲೇ ತೀರಿಕೊಂಡ ಗೋಪಾಲಗೌಡರು ಆ ಕಾಯ್ದೆ ಜಾರಿಯಾದುದನ್ನು ನೋಡಲೇ ಇಲ್ಲ. ಮುಂದೆ 1979ರಲ್ಲಿ ಅರಸು ಅವರಿಗೂ ಇಂದಿರಾ ಗಾಂಧಿಯವರಿಗೂ ಮುರಿದುಬಿದ್ದು, ಅರಸು ಬೇರೆಯಾದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ ಹೋದವು; ಭೂಮಿ ಕೊಡಿಸಿದ ಅರಸು ಅವರ ಬಣಕ್ಕೆ ಒಂದೂ ಸಿಗಲಿಲ್ಲ. ಆ ಚುನಾವಣೆಯಲ್ಲಿ ಯಾವ ಕಡೆಗೆ ಮತ ಹಾಕಿದಿರಿ, ಏಕೆ ಹಾಕಿದಿರಿ ಎಂದು ನಿಮ್ಮಜ್ಜನನ್ನು ಒಮ್ಮೆ ಕೇಳಿ. ನೀವು ಹೇಳುವಂತೆ ಅವರು ಒಂದೇ ಪಕ್ಷದಲ್ಲಿ ಉಳಿದಿದ್ದರೆ, ಆ ವರ್ಷ ಅವರು ಅರಸು ಅವರನ್ನು ಬಿಟ್ಟು ಪಕ್ಷವನ್ನು ಹಿಡಿದುಕೊಂಡರು ಎಂದಾಯಿತು. ಅದಕ್ಕೆ ಅವರಲ್ಲಿ ಒಂದು ಕಾರಣ ಇದ್ದೇ ಇರುತ್ತದೆ. ಆ ಕಾರಣವನ್ನು ಅವರ ಬಾಯಿಂದಲೇ ಕೇಳಿಸಿಕೊಳ್ಳುವುದು, ನಿಮ್ಮ ಗೆಳತಿಯರೊಡನೆ ನಡೆಸುವ ವಾದಕ್ಕಿಂತ ಹೆಚ್ಚನ್ನು ಕಲಿಸೀತು.

ನಿಮ್ಮ ತಂದೆಯವರ ಕಾರಣ ನಾಯಕನ ವ್ಯಕ್ತಿತ್ವ. ಇದನ್ನು ಹಗುರವಾಗಿ ಕಾಣುವವರ ಗುಂಪಿಗೆ ನಾನು ಸೇರಿದವನಲ್ಲ. ಪ್ರಣಾಳಿಕೆಯಲ್ಲಿ ಬರೆದದ್ದನ್ನು ಈಡೇರಿಸುವವರು ಮನುಷ್ಯರೇ ತಾನೆ? ಅವರ ನಡತೆಯನ್ನು ತೂಗಿ ನೋಡುವುದು ಮತದಾರನ ಕೆಲಸವೇ. ಆಗ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದಿಂದ ನಾಲ್ಕೇ ಸ್ಥಾನ ಬಂದವು. ಜನ ತಮ್ಮ ಪಕ್ಷವನ್ನು ಒಪ್ಪಲಿಲ್ಲವೆಂದು ಹೆಗಡೆಯವರು ರಾಜೀನಾಮೆ ಕೊಟ್ಟು ಹೊಸದಾಗಿ ಜನಾದೇಶ ಕೇಳಿದರು. 1985ರ ಮಾರ್ಚಿನಲ್ಲಿ ಅದೇ ಮತದಾರರು ವಿಧಾನಸಭೆಯ 224 ಸ್ಥಾನಗಳಲ್ಲಿ 139ನ್ನು ಅದೇ ಪಕ್ಷಕ್ಕೆ ಕೊಟ್ಟರು. ದೆಹಲಿಗೆ ಯಾರು, ಬೆಂಗಳೂರಿಗೆ ಯಾರು ಎಂದು ಬೇರೆ ಬೇರೆಯಾಗಿ ಯೋಚಿಸಬಲ್ಲ ಮತದಾರರು ಈ ರಾಜ್ಯದಲ್ಲಿದ್ದಾರೆ ಎಂಬುದು ಆ ಕೆಲವೇ ವಾರಗಳಲ್ಲಿ ಸ್ಪಷ್ಟವಾಯಿತು. ನಾಯಕನನ್ನು ಮೆಚ್ಚುವುದು ಎಂದರೆ ಕಣ್ಣು ಮುಚ್ಚಿ ಹಿಂಬಾಲಿಸುವುದು ಎಂದೇ ಆಗಬೇಕಿಲ್ಲ.

ಮೆಚ್ಚುಗೆ ಭಕ್ತಿಯಾಗಿ ತಿರುಗಿದಾಗ ಮಾತು ಬೇರೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ಅಂಬೇಡ್ಕರ್ ಅವರು ಈ ಬಗ್ಗೆ ನೇರವಾಗಿ ಎಚ್ಚರಿಸಿದ್ದರು: ಧರ್ಮದಲ್ಲಿ ಭಕ್ತಿ ಮುಕ್ತಿಯ ದಾರಿಯಾಗಬಹುದು, ರಾಜಕೀಯದಲ್ಲಿ ಅದು ಅಧಃಪತನಕ್ಕೂ ಕೊನೆಗೆ ಸರ್ವಾಧಿಕಾರಕ್ಕೂ ದಾರಿ ಎಂಬುದು ಅವರ ಮಾತಿನ ಸಾರ. ಇನ್ನೊಂದು ಸಂಗತಿಯನ್ನೂ ನಿಮ್ಮ ತಂದೆಯವರ ಗಮನಕ್ಕೆ ತನ್ನಿ. ಮತಯಂತ್ರದ ಮೇಲೆ ಇರುವುದು ನಿಮ್ಮ ಕ್ಷೇತ್ರದ ಅಭ್ಯರ್ಥಿಯ ಹೆಸರು, ಫೋಟೊ ಮತ್ತು ಚಿಹ್ನೆ. ದೂರದ ನಾಯಕನನ್ನು ಮೆಚ್ಚಿ ಗುಂಡಿ ಒತ್ತಿದರೂ ಆರಿಸಿ ಬರುವವನು ಹತ್ತಿರದ ಅಭ್ಯರ್ಥಿ. ಅವನ ಮೇಲಿರುವ ಮೊಕದ್ದಮೆಗಳು, ಆಸ್ತಿ, ಸಾಲ, ವಿದ್ಯಾಭ್ಯಾಸ ಎಲ್ಲವೂ ನಾಮಪತ್ರದ ಜೊತೆಗಿನ ಪ್ರಮಾಣಪತ್ರದಲ್ಲಿರುತ್ತವೆ. ಚುನಾವಣಾ ಆಯೋಗ ಅದನ್ನು ಎಲ್ಲರೂ ಓದುವಂತೆ ಪ್ರಕಟಿಸುತ್ತದೆ. ನಾಯಕನ ಭಾಷಣವನ್ನು ಗಂಟೆಗಟ್ಟಲೆ ಕೇಳುವವರು ಆ ಕೆಲವು ಪುಟಗಳನ್ನೂ ಓದಬೇಕು.

ಈಗ ನಿಮ್ಮ ಕಾರಣ. ಬಸ್ಸು ಮತ್ತು ಹಾಸ್ಟೆಲ್ ನಿಮಗೆ ಬೇಕು ಎನ್ನುವುದು ನಿಜ, ಪಕ್ಕದ ಹಳ್ಳಿಯ ಹುಡುಗಿಗೂ ಬೇಕು ಎನ್ನುವುದೂ ನಿಜ. ಬೇರೆ ಪಕ್ಷದ ಶಾಸಕರನ್ನು ಆರಿಸಿದ ತಾಲ್ಲೂಕಿಗೂ ಅವು ಸಿಗಬೇಕು ಎಂದು ನೀವು ಬಯಸುವವರೆಗೆ ಅದನ್ನು ಸ್ವಾರ್ಥ ಎನ್ನಲು ಯಾರಿಗೂ ಅಧಿಕಾರವಿಲ್ಲ. ‘ನಮ್ಮವರು’ ಎಂಬ ಒಂದೇ ಕಾರಣಕ್ಕೆ, ಜಾತಿ ನೋಡಿ ಹಾಕುವ ಮತಕ್ಕೂ ಇದೇ ಒರೆಗಲ್ಲು: ಎಂದೂ ಪ್ರಾತಿನಿಧ್ಯ ಸಿಗದ ಸಮುದಾಯವೊಂದು ತನ್ನವನೊಬ್ಬ ಸದನದಲ್ಲಿ ಕೂರಲಿ ಎಂದು ಬಯಸುವುದು ನ್ಯಾಯ, ನಮ್ಮವನು ಏನು ಮಾಡಿದರೂ ಸರಿ ಎನ್ನುವುದು ನ್ಯಾಯವಲ್ಲ.

ಬಸ್ಸು, ಹಾಸ್ಟೆಲ್ಲುಗಳ ಹೊಣೆ ಮುಖ್ಯವಾಗಿ ರಾಜ್ಯ ಸರ್ಕಾರದ್ದಾದ್ದರಿಂದ ನಿಮ್ಮ ಕಾರಣಕ್ಕೆ ಹೆಚ್ಚು ತೂಕವಿರುವುದು ವಿಧಾನಸಭಾ ಚುನಾವಣೆಯಲ್ಲಿ. ಲೋಕಸಭೆಗೆ ಮತ ಹಾಕುವಾಗ ನೀವು ಬೇರೆ ಪ್ರಶ್ನೆಗಳನ್ನೂ ಕೇಳಿಕೊಳ್ಳಬೇಕಾಗುತ್ತದೆ. ಗ್ರಾಮ ಪಂಚಾಯಿತಿ ಚುನಾವಣೆಯಂತೂ ನಮ್ಮ ರಾಜ್ಯದಲ್ಲಿ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ. ಅಲ್ಲಿ ನಿಮ್ಮ ಕಣ್ಣೆದುರು ಬೆಳೆದ, ಕೆಲಸ ಮಾಡಿದ ಅಥವಾ ಮಾಡದ ಮನುಷ್ಯನನ್ನೇ ನೋಡಿ ಮತ ಹಾಕಲು ಯಾವ ಅಡ್ಡಿಯೂ ಇಲ್ಲ.

ನಿಮ್ಮಿಂದ ನಾನು ಬಯಸುವುದು ಇಷ್ಟು. ಈ ಪಕ್ಷ ಏನು ಮಾಡಿದರೆ ಅಥವಾ ಏನು ಮಾಡದಿದ್ದರೆ ನನ್ನ ಬೆಂಬಲ ನಿಲ್ಲುತ್ತದೆ ಎಂಬುದನ್ನು ಈಗಲೇ, ಯಾವ ಆವೇಶವೂ ಇಲ್ಲದ ಹೊತ್ತಿನಲ್ಲಿ, ಬರೆದಿಟ್ಟುಕೊಳ್ಳಿ. ಹಾಸ್ಟೆಲ್ ಮಂಜೂರಾಗಿ ಕಟ್ಟಡ ಏಳದಿದ್ದರೆ ಯಾರನ್ನು ಕೇಳುತ್ತೀರಿ, ಎಷ್ಟು ಕಾಲ ಕಾಯುತ್ತೀರಿ? ಹಾಸ್ಟೆಲ್ ಕಟ್ಟಿಸಿದವರೇ ಇನ್ನೊಂದು ಕಡೆ ಅನ್ಯಾಯ ಮಾಡಿದರೆ ನಿಮ್ಮ ನಿಲುವೇನು? ಇದಕ್ಕೆ ಉತ್ತರವಿರುವ ಬೆಂಬಲಿಗರನ್ನು ಕಂಡರೆ ಪಕ್ಷಗಳಿಗೆ ಅಂಜಿಕೆ ಇರುತ್ತದೆ. ಏನೇ ಆದರೂ ಬಿಟ್ಟು ಹೋಗದವರನ್ನು ಯಾವ ಪಕ್ಷವೂ ಹೆಚ್ಚು ದಿನ ವಿಚಾರಿಸಿಕೊಳ್ಳುವುದಿಲ್ಲ.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವನು, ಬಹಳ ವರ್ಷ ಒಬ್ಬ ನಾಯಕರ ಜೊತೆ ಕಾರ್ಯಕರ್ತನಾಗಿ ದುಡಿದಿದ್ದೇನೆ. ನನ್ನ ತಾಯಿಯ ಆಪರೇಷನ್ನಿಗೆ ಹಣ ಹೊಂದಿಸಿಕೊಟ್ಟವರು ಅವರೇ. ಈಗ ಅವರು ಪಕ್ಷ ಬದಲಾಯಿಸಿ ನನ್ನನ್ನೂ ಕರೆಯುತ್ತಿದ್ದಾರೆ. ಹೋದರೆ ಹಳೆಯ ಸಂಗಡಿಗರು ದ್ರೋಹಿ ಎನ್ನುತ್ತಾರೆ, ಹೋಗದಿದ್ದರೆ ಉಪ್ಪುಂಡ ಮನೆಗೆ ಎರಡು ಬಗೆದಂತಾಗುತ್ತದೆ ಎಂಬ ಸಂಕಟ. ಏನು ಮಾಡಲಿ?

ಉತ್ತರ: ನಿಮ್ಮ ತಾಯಿಗೆ ನೆರವಾದ ಋಣ ದೊಡ್ಡದು, ಅದನ್ನು ತೀರಿಸಲೇಬೇಕು. ಆದರೆ ಆ ಋಣ ನಿಮಗೂ ಅವರಿಗೂ ನಡುವಿನದು. ಅವರ ಮನೆಯಲ್ಲಿ ಕಷ್ಟ ಬಂದಾಗ ಮೊದಲು ಹೋಗಿ ನಿಲ್ಲುವವರು ನೀವಾಗಿರಿ, ಅವರ ಬಗ್ಗೆ ಹಗುರವಾದ ಮಾತು ನಿಮ್ಮ ಬಾಯಿಂದ ಬಾರದಿರಲಿ. ನಿಮ್ಮ ಮತ ಮಾತ್ರ ನಿಮ್ಮೊಬ್ಬರ ಸಾಲಕ್ಕೆ ಅಡವಿಡಬಹುದಾದ ವಸ್ತುವಲ್ಲ. ಅದರ ಫಲವನ್ನು ನಿಮ್ಮ ಊರಿನವರೆಲ್ಲ ಐದು ವರ್ಷ ಉಣ್ಣುತ್ತಾರೆ.

ಕಾನೂನಿನ ವಿಷಯ ಹೇಳುವುದಾದರೆ, 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ, ಕಟ್ಟಿಹಾಕುವುದು ಆರಿಸಿ ಬಂದ ಶಾಸಕರು ಮತ್ತು ಸಂಸದರನ್ನು. ಕಾರ್ಯಕರ್ತರು ಯಾವ ದಿನ ಬೇಕಾದರೂ ಯಾವ ಪಕ್ಷಕ್ಕಾದರೂ ಹೋಗಬಹುದು. ಶಾಸಕರು ಕೂಡ ಹೊಸ ಪಕ್ಷದಿಂದ ಮತ್ತೆ ಜನರ ಮುಂದೆ ಹೋಗಿ ಗೆದ್ದು ಬರುವುದನ್ನು ನಾವು ನೋಡಿದ್ದೇವೆ. 2019ರಲ್ಲಿ ಕರ್ನಾಟಕದ 17 ಶಾಸಕರು ಈ ನಿಷೇಧದಡಿ ಅನರ್ಹರಾದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಮರುಸ್ಪರ್ಧೆಗೆ ಅವಕಾಶ ಕೊಟ್ಟಿತು. ಡಿಸೆಂಬರಿನಲ್ಲಿ ನಡೆದ 15 ಕ್ಷೇತ್ರಗಳ ಉಪಚುನಾವಣೆಯಲ್ಲಿ, ಅವರಲ್ಲಿ ಬಹುತೇಕರು ಸೇರಿಕೊಂಡಿದ್ದ ಬಿಜೆಪಿ 12ನ್ನು ಗೆದ್ದಿತು. ಮತದಾರರೇ ಒಪ್ಪಿದ ಮೇಲೆ ಪಕ್ಷಾಂತರ ತಪ್ಪು ಹೇಗಾಗುತ್ತದೆ ಎಂದು ಕೇಳುವವರಿದ್ದಾರೆ. ಒಂದು ಪಕ್ಷದ ಚಿಹ್ನೆಯ ಮೇಲೆ ಪಡೆದ ಮತವನ್ನು ಅವಧಿಯ ನಡುವೆ ಇನ್ನೊಂದು ಪಕ್ಷದ ಲೆಕ್ಕಕ್ಕೆ ಹಾಕುವುದು, ಯಾವ ಪಕ್ಷದವರು ಮಾಡಿದರೂ, ಮತ ಕೊಟ್ಟವರಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ನಿಮ್ಮ ನಾಯಕರನ್ನು ಒಂದು ಪ್ರಶ್ನೆ ಕೇಳಿ: ಪಕ್ಷ ಬಿಟ್ಟ ಕಾರಣವನ್ನು, ಮನೆ ಮನೆಗೆ ಹೋಗಿ ಅವರಿಗಾಗಿ ಮತ ಕೇಳಿದ ಬೂತ್ ಮಟ್ಟದ ಕಾರ್ಯಕರ್ತರೆಲ್ಲರನ್ನೂ ಕೂರಿಸಿ ಹೇಳಲು ಅವರು ಸಿದ್ಧರೇ? ಹೇಳಿದ ಕಾರಣ ನಿಮ್ಮ ಮನಸ್ಸಿಗೆ ಒಪ್ಪಿದರೆ ಧೈರ್ಯವಾಗಿ ಹೋಗಿ, ಸಂಗಡಿಗರಿಗೆ ಹೇಳಿಯೇ ಹೋಗಿ. ಕಾರಣ ಹೇಳಲು ಅವರು ಹಿಂಜರಿದರೆ, ಅವರ ಮನೆಯ ನೆಂಟಸ್ತನ ಇಟ್ಟುಕೊಂಡೇ ನೀವಿರುವ ಕಡೆ ಉಳಿಯಿರಿ.

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಸರ್ಕಾರಿ ಶಾಲೆಯ ಶಿಕ್ಷಕಿ. ನೆಂಟರಿಷ್ಟರ ವಾಟ್ಸಾಪ್ ಗುಂಪಿನಲ್ಲಿ ನಾನು ಮೆಚ್ಚಿದ ನಾಯಕರ ಪರವಾಗಿ ಬರೆಯಬಹುದೇ?

ಉತ್ತರ: ಬರೆಯಬೇಡಿ. ಸರ್ಕಾರಿ ನೌಕರರು ರಾಜಕೀಯ ಪಕ್ಷದ ಸದಸ್ಯರಾಗುವುದನ್ನು, ಚುನಾವಣೆಯಲ್ಲಿ ಪ್ರಚಾರ ಮಾಡುವುದನ್ನು ನಡತೆ ನಿಯಮಗಳು ನಿಷೇಧಿಸುತ್ತವೆ. ಮತ ಹಾಕುವ ಹಕ್ಕು ನಿಮಗೆ ಪೂರ್ತಿಯಾಗಿ ಇದೆ. ಯಾರಿಗೆ ಹಾಕುತ್ತೇನೆ, ಯಾರಿಗೆ ಹಾಕಿದ್ದೇನೆ ಎಂಬ ಸೂಚನೆ ಕೊಡಬಾರದು, ಅಷ್ಟೆ. ಅಭ್ಯರ್ಥಿಯ ಪರವಾಗಿ ಮತಗಟ್ಟೆಯ ಅಥವಾ ಎಣಿಕೆಯ ಏಜೆಂಟರಾಗಿ ಕುಳಿತರಂತೂ ಪ್ರಜಾಪ್ರತಿನಿಧಿ ಕಾಯ್ದೆಯ 134ಎ ಕಲಮಿನ ಪ್ರಕಾರ ಅದು ಶಿಕ್ಷಾರ್ಹ. ನೆಂಟರ ಗುಂಪು ಖಾಸಗಿಯೆಂದು ನಿಮಗೆ ಅನಿಸಬಹುದು, ಆದರೆ ಅಲ್ಲಿಂದ ಒಂದು ಸ್ಕ್ರೀನ್‌ಶಾಟ್ ಮೇಲಧಿಕಾರಿಗಳ ಮೊಬೈಲಿಗೆ ಹೋಗಲು ಎಷ್ಟು ಹೊತ್ತು ಬೇಕು? ಚುನಾವಣೆ ದಿನ ಮತಗಟ್ಟೆಯ ಮೇಜಿನ ಹಿಂದೆ ಕೂರುವವರು ನಿಮ್ಮಂಥ ಶಿಕ್ಷಕರೇ ಆಗಿರುವುದರಿಂದ ಈ ನಿಯಮ ಇರಬೇಕಾದದ್ದೇ ಎಂದು ನಾನು ನಂಬುತ್ತೇನೆ. ನೀವು ಯಾವ ಪಕ್ಷದವರು ಎಂದು ಊರಿಗೆಲ್ಲ ಗೊತ್ತಿದ್ದರೆ, ಬೆರಳಿಗೆ ಶಾಯಿ ಹಾಕಿಸಿಕೊಳ್ಳಲು ಬಂದವರಿಗೆ ನಿಮ್ಮ ಮೇಲೆ ನಂಬಿಕೆ ಉಳಿಯುವುದು ಕಷ್ಟ.

ಪ್ರಶ್ನೆ: ವಿಜಯಪುರದ ಗೃಹಿಣಿ ನಾನು. ನಮ್ಮ ಯಜಮಾನರು ಒಂದು ಪಕ್ಷದ ತಾಲ್ಲೂಕು ಘಟಕದಲ್ಲಿದ್ದಾರೆ. ನನಗೆ ಇನ್ನೊಂದು ಪಕ್ಷದ ಅಭ್ಯರ್ಥಿ ಯೋಗ್ಯರೆನಿಸಿದ್ದಾರೆ. ಮತ ಹಾಕಿ ಬಂದ ಮೇಲೆ ಅವರು ಕೇಳಿದರೆ ಏನು ಹೇಳಲಿ?

ಉತ್ತರ: ಮತ ಗುಪ್ತವಾದದ್ದು ಎಂದು ಹೇಳಿ. ಯಾರಿಗೆ ಮತ ಹಾಕಿದೆ ಎಂದು ತಿಳಿಸುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ ಎಂದು ಪ್ರಜಾಪ್ರತಿನಿಧಿ ಕಾಯ್ದೆಯ 94ನೇ ಕಲಮು ಹೇಳುತ್ತದೆ. ಸಾಕ್ಷಿಕಟ್ಟೆಯಲ್ಲಿ ನಿಂತವರಿಗೂ ಆ ರಕ್ಷಣೆ ಇದೆ. ಮತ ಯಾರಿಗೆ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಯಂತ್ರದ ಚೀಟಿ ಏಳು ಸೆಕೆಂಡು ನಿಮ್ಮ ಕಣ್ಣಿಗೆ ಮಾತ್ರ ಕಂಡು ಪೆಟ್ಟಿಗೆಯೊಳಕ್ಕೆ ಬೀಳುತ್ತದೆ, ಆದ್ದರಿಂದ ಬೇರೆಯವರು ಅದನ್ನು ತಿಳಿಯುವ ದಾರಿಯೇ ಇಲ್ಲ. ಚುನಾವಣೆಯ ಬಿಸಿ ಆರಿದ ಮೇಲೆ, ಹೇಳಬೇಕೆಂದು ನಿಮಗೇ ಅನಿಸಿದರೆ, ಆ ಅಭ್ಯರ್ಥಿಯಲ್ಲಿ ನಿಮಗೆ ಕಂಡ ಯೋಗ್ಯತೆ ಏನೆಂಬುದನ್ನು ಯಜಮಾನರ ಮುಂದಿಡಿ. ತಾಲ್ಲೂಕು ಘಟಕದಲ್ಲಿರುವವರಿಗೆ ತಮ್ಮ ಪಕ್ಷ ಒಂದು ಮತವನ್ನು ಏಕೆ ಕಳೆದುಕೊಂಡಿತು ಎಂಬುದು ತಿಳಿಯಬೇಕಾದ ವಿಷಯವೇ.