ಓದುಗರ ಪ್ರಶ್ನೆ: ಫುಟ್‌ಪಾತ್ ಸ್ಕೂಟರೋ, ಆಫ್‌ರೋಡ್ ಸ್ಕೂಟರೋ?

ಒಬ್ಬರೇ ಓಡಾಡಲು ಬಳಸುವ ಸಣ್ಣ ಎಲೆಕ್ಟ್ರಿಕ್ ಸ್ಕೂಟರುಗಳ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗೊಂದಲವನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿವೆ: ನಯವಾದ ದಾರಿಗೆಂದು ಮಾಡಿದ ಹಗುರ ಫುಟ್‌ಪಾತ್ ಮಾದರಿಯೋ, ಮಣ್ಣು ಕಲ್ಲಿನ ದಾರಿಗೆಂದು ಮಾಡಿದ ಭಾರದ ಆಫ್‌ರೋಡ್ ಮಾದರಿಯೋ? ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಆ ಪತ್ರಗಳಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಮನೆಯಿಂದ ಕಚೇರಿಗೆ ನಾಲ್ಕು ಕಿಲೋಮೀಟರ್ ದೂರ. ಅದರಲ್ಲಿ ಸುಮಾರು 500 ಮೀಟರ್ ಜಲ್ಲಿ ಚೆಲ್ಲಿದ ಮಣ್ಣುರಸ್ತೆ, ಉಳಿದದ್ದೆಲ್ಲ ಡಾಂಬರು. ಮನೆ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಆ ಅರ್ಧ ಕಿಲೋಮೀಟರಿಗಾಗಿ ಆಫ್‌ರೋಡ್ ಮಾದರಿಯನ್ನೇ ಕೊಳ್ಳಬೇಕು ಎಂದು ಅಂಗಡಿಯವರು ಹೇಳುತ್ತಾರೆ. ಅವರ ಮಾತು ಸರಿಯೇ?

ಉತ್ತರ: ನಿಮ್ಮ ಮಟ್ಟಿಗೆ ಸರಿಯಲ್ಲ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಜಲ್ಲಿಯಲ್ಲ, ಲಿಫ್ಟ್ ಇಲ್ಲದಿರುವುದು. ನಿಂತು ಓಡಿಸುವ ಫುಟ್‌ಪಾತ್ ಮಾದರಿಗಳು ಸಾಮಾನ್ಯವಾಗಿ 12ರಿಂದ 18 ಕಿಲೋ ತೂಗುತ್ತವೆ. ಆಫ್‌ರೋಡ್ ಎಂದು ಮಾರುವವು 25 ಕಿಲೋದಿಂದ ಶುರುವಾಗಿ 40 ಕಿಲೋವನ್ನೂ ದಾಟುತ್ತವೆ. ಒಮ್ಮೆ ಇಂಥದೊಂದು 28 ಕಿಲೋ ತೂಕದ ಗಾಡಿಯನ್ನು ಎರಡು ವಾರ ಇಟ್ಟುಕೊಂಡು ಓಡಿಸಿದ್ದೆ. ರಸ್ತೆಯ ಮೇಲೆ ಅದು ಸೊಗಸಾಗಿಯೇ ಇತ್ತು. ಆದರೆ ಮೆಟ್ಟಿಲು ತಿರುಗುವ ಕಡೆಯಲ್ಲಿ ಮಡಚಿದ ಹ್ಯಾಂಡಲ್ ಕಂಬಿಗೆ ಸಿಕ್ಕಿಕೊಳ್ಳುವುದು, ಅದನ್ನು ಬಿಡಿಸಲು ಹೋದರೆ ಹಿಂದಿನ ಚಕ್ರ ಮೊಣಕಾಲಿನ ಕೆಳಗೆ ಬಡಿಯುವುದು ದಿನವೂ ನಡೆಯುತ್ತಿತ್ತು. ಎರಡನೆಯ ವಾರಕ್ಕೆ ನಾನು ಅದನ್ನು ಕೆಳಗೇ ಸರಪಳಿ ಹಾಕಿ ಬಿಡತೊಡಗಿದೆ. ಅಲ್ಲಿಗೂ ಕಷ್ಟ ಮುಗಿಯಲಿಲ್ಲ. ಬಹಳಷ್ಟು ಮಾದರಿಗಳಲ್ಲಿ ಬ್ಯಾಟರಿ ನಿಲ್ಲುವ ಹಲಗೆಯ ಒಳಗೇ ಕೂತಿರುವುದರಿಂದ ಅದೊಂದನ್ನೇ ಕಳಚಿ ಮೇಲಕ್ಕೆ ಒಯ್ಯಲು ಬರುವುದಿಲ್ಲ, ಪ್ಲಗ್ ಇರುವಲ್ಲಿಗೆ ಇಡೀ ಗಾಡಿಯೇ ಬರಬೇಕು.

ಇನ್ನು ಜಲ್ಲಿಯ ಮಾತು. ಸಣ್ಣ ಚಕ್ರ ಒಂದು ಕಲ್ಲನ್ನೋ ಅಂಚನ್ನೋ ಹತ್ತಬೇಕಾದರೆ ಎಷ್ಟು ತಳ್ಳು ಬೇಕು ಎಂಬುದನ್ನು ಶಾಲೆಯ ಲೆಕ್ಕದಿಂದಲೇ ತಿಳಿಯಬಹುದು. ಎಂಟೂವರೆ ಇಂಚಿನ ಚಕ್ರ ನಿಂತಲ್ಲಿಂದ 3 ಸೆಂಟಿಮೀಟರ್ ಎತ್ತರದ ಅಂಚನ್ನು ಹತ್ತಲು, ಆ ಚಕ್ರದ ಮೇಲೆ ಬಿದ್ದಿರುವ ಭಾರದ ಸುಮಾರು ಶೇ. 96ರಷ್ಟು ಬಲ ಅಡ್ಡಲಾಗಿ ಬೇಕಾಗುತ್ತದೆ; ಹನ್ನೊಂದು ಇಂಚಿನ ಚಕ್ರಕ್ಕೆ ಸುಮಾರು ಶೇ. 79 ಸಾಕು. ಗಟ್ಟಿ ಚಕ್ರವೆಂದು ಭಾವಿಸಿ ಮಾಡಿದ ಲೆಕ್ಕವಿದು. ಗಾಳಿ ತುಂಬಿದ ಟೈರು ಕಲ್ಲಿನ ಮೇಲೆ ತಾನೇ ಸ್ವಲ್ಪ ತಗ್ಗಿಕೊಡುವುದರಿಂದ ನಿಜದಲ್ಲಿ ಹೊಡೆತ ಇನ್ನಷ್ಟು ಮೃದುವಾಗುತ್ತದೆ. ದೊಡ್ಡ ಚಕ್ರದಿಂದ ಲಾಭವಿರುವುದು ನಿಜ, ಆದರೆ ಅಂಗಡಿಯಲ್ಲಿ ಬಣ್ಣಿಸುವಷ್ಟು ಇಲ್ಲ. ಚಕ್ರ ಯಾವುದೇ ಇರಲಿ, ಮಂಡಿಯನ್ನು ಸ್ವಲ್ಪ ಬಗ್ಗಿಸಿ, ಮೈಭಾರವನ್ನು ಹಿಂಗಾಲಿಗೆ ಕೊಟ್ಟು, ನಿಧಾನಿಸಿ, ಮುಂದಿನ ಬ್ರೇಕಿನ ಗೋಜಿಗೆ ಹೋಗದೆ ದಾಟುವ ಅಭ್ಯಾಸವಿಲ್ಲದವರು ಜಲ್ಲಿಯಲ್ಲಿ ಬೀಳುತ್ತಾರೆ.

ಆದ್ದರಿಂದ ನೀವು ನೋಡಬೇಕಾದದ್ದು ಹತ್ತು ಇಂಚಿನ ಗಾಳಿ ಟೈರುಗಳಿರುವ, ಮುಂದೆಯೋ ಹಿಂದೆಯೋ ಒಂದು ಕಡೆಯಾದರೂ ಶಾಕ್ ಅಬ್ಸಾರ್ಬರ್ ಇರುವ, 18 ಕಿಲೋ ಮೀರದ ಫುಟ್‌ಪಾತ್ ಮಾದರಿಯನ್ನು. ಅಂಗಡಿಯಲ್ಲಿ ಓಡಿಸಿ ನೋಡುವುದರ ಜೊತೆಗೆ ಅದನ್ನು ಮಡಚಿ, ಒಂದೇ ಕೈಯಲ್ಲಿ ಹಿಡಿದು ಒಂದು ಮಹಡಿ ಹತ್ತಿ ಇಳಿಯಿರಿ. ಅಂಗಡಿಯವರು ನಕ್ಕರೆ ನಗಲಿ.

ಆ ಮಣ್ಣುರಸ್ತೆ ಏರುದಾರಿಯಾಗಿದ್ದರೆ ಮಾತ್ರ ಸ್ವಲ್ಪ ಯೋಚಿಸಬೇಕು. 75 ಕಿಲೋ ತೂಕದ ಸವಾರ, 15 ಕಿಲೋ ಗಾಡಿ, ನೂರು ಮೀಟರಿಗೆ ಹತ್ತು ಮೀಟರ್ ಏರು ಎಂದಿಟ್ಟುಕೊಳ್ಳಿ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಅದನ್ನು ಏರಲು ಭಾರ ಎತ್ತುವುದಕ್ಕೇ ಸುಮಾರು 370 ವ್ಯಾಟ್ ಬೇಕು, ಮಣ್ಣಿನ ತಡೆ ಬೇರೆ. 250 ವ್ಯಾಟಿನ ಮೋಟಾರ್ ಅಲ್ಲಿ ಏದುಸಿರು ಬಿಡುತ್ತದೆ. ಮೋಟಾರ್ ಮುಂದಿನ ಚಕ್ರದಲ್ಲಿದ್ದರೆ ಇನ್ನೊಂದು ತೊಡಕಿದೆ: ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ಸರಿದು, ಮುಂದಿನ ಚಕ್ರ ಸಡಿಲ ಮಣ್ಣಿನಲ್ಲಿ ಹಿಡಿತ ಸಿಗದೆ ಇದ್ದಲ್ಲೇ ಗಿರಗಿರನೆ ತಿರುಗುತ್ತದೆ. ಆಫ್‌ರೋಡ್ ಮಾದರಿಗಳಿಗೆ ಎರಡೂ ಚಕ್ರಗಳಲ್ಲಿ ಮೋಟಾರ್ ಇಡುವುದಕ್ಕೆ ಈ ಹಿಡಿತವೂ ಒಂದು ಕಾರಣ. ನಿಮ್ಮ ದಾರಿಯಲ್ಲಿ ಏರಿದ್ದರೆ, ಹಿಂದಿನ ಚಕ್ರದಲ್ಲಿ 400 ವ್ಯಾಟಿಗೆ ಕಡಿಮೆಯಿಲ್ಲದ ಮೋಟಾರ್ ಇರುವ ಮಾದರಿಯನ್ನೇ ಆರಿಸಿಕೊಳ್ಳಿ.

ಪ್ರಶ್ನೆ: ನನ್ನ ಬಳಿ ಎಂಟೂವರೆ ಇಂಚಿನ ಚಕ್ರಗಳ ಫುಟ್‌ಪಾತ್ ಸ್ಕೂಟರ್ ಇದೆ. ಅದಕ್ಕೇ ಬಟನ್ ಟೈರ್ ಹಾಕಿಸಿದರೆ ಆಫ್‌ರೋಡ್ ಆಗುವುದಿಲ್ಲವೇ? ಪಂಕ್ಚರ್ ಕಾಟ ತಪ್ಪಿಸಲು ಗಟ್ಟಿ ರಬ್ಬರಿನ ಟೈರ್ ಹಾಕಿಸುವುದು ಒಳ್ಳೆಯದೇ?

ಉತ್ತರ: ಆಗುವುದಿಲ್ಲ. ಬಟನ್ ಟೈರಿನ ಗುಬಟುಗಳು ಮೆತ್ತನೆಯ ಮಣ್ಣಿಗೆ ನಾಟಿಕೊಂಡು ಹಿಡಿತ ಕೊಡುವುದಕ್ಕಾಗಿ ಇರುವಂಥವು. ಡಾಂಬರಿನ ಮೇಲೆ ಆ ಗುಬಟುಗಳ ತುದಿ ಮಾತ್ರ ನೆಲಕ್ಕೆ ತಾಗುವುದರಿಂದ ಹಿಡಿತ ಕಡಿಮೆಯಾಗುತ್ತದೆ, ಗುಂಯ್ ಎಂಬ ಸದ್ದು ಬರುತ್ತದೆ, ತಿರುವಿನಲ್ಲಿ ವಾಲಿದಾಗ ಗಾಡಿ ಅಲುಗಿದಂತೆ ಭಾಸವಾಗುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಇದಲ್ಲದೆ ಸಣ್ಣ ಗಾಡಿಯ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಬೆರಳು ತೂರುವಷ್ಟೂ ಜಾಗವಿರುವುದಿಲ್ಲ. ಅಲ್ಲಿ ಒಂದು ಕಲ್ಲು ಸಿಕ್ಕಿಕೊಂಡರೆ ಚಕ್ರ ಥಟ್ಟನೆ ನಿಂತುಬಿಡಬಹುದು.

ಗಟ್ಟಿ ಟೈರು ಪಂಕ್ಚರ್ ಆಗುವುದಿಲ್ಲವೆಂಬುದೇನೋ ನಿಜ. ಆದರೆ ರಸ್ತೆಯ ಕಂಪನವನ್ನೆಲ್ಲ ಅದು ಹಾಗೆಯೇ ಹಲಗೆಗೂ ಹ್ಯಾಂಡಲಿಗೂ ದಾಟಿಸುತ್ತದೆ. ಕೆಲವು ತಿಂಗಳಲ್ಲಿ ಬೋಲ್ಟುಗಳು ಸಡಿಲವಾಗಿ, ಮಡಚುವ ಕೀಲಿನಲ್ಲಿ ಆಟ ಬರುತ್ತದೆ. ಒದ್ದೆಯಾದ ಟೈಲ್ಸ್ ಮತ್ತು ರಸ್ತೆಗೆ ಬಳಿದ ಬಣ್ಣದ ಪಟ್ಟಿಗಳ ಮೇಲೆ ಅದು ಜಾರುವುದೂ ಹೆಚ್ಚು. ಪಂಕ್ಚರಿಗೆ ಮದ್ದು ಬೇರೆಯೇ ಇದೆ. ಈ ಅಳತೆಯ ಚಕ್ರಗಳಲ್ಲಿ ಆಗುವ ಪಂಕ್ಚರುಗಳಲ್ಲಿ ಹಲವು ಮೊಳೆಯಿಂದ ಆದವಲ್ಲ, ಗಾಳಿ ಕಡಿಮೆಯಾದುದರಿಂದ ಆದವು. ಅಂಚಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ನಜ್ಜಾಗುತ್ತದೆ. ಹೊರತೆಗೆದು ನೋಡಿದರೆ ಅಕ್ಕಪಕ್ಕದಲ್ಲೇ ಎರಡು ಸಣ್ಣ ಸೀಳುಗಳು ಕಾಣುತ್ತವೆ. ಟೈರಿನ ಪಕ್ಕೆಯ ಮೇಲೆ ಬರೆದಿರುವ ಮಿತಿಯೊಳಗೆ, ತಯಾರಕರು ಹೇಳಿದಷ್ಟು ಗಾಳಿಯನ್ನು ವಾರಕ್ಕೊಮ್ಮೆ ತುಂಬಿಸುತ್ತಾ ಬಂದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ಪ್ರಶ್ನೆ: ಆಫ್‌ರೋಡ್ ಮಾದರಿಯ ಬ್ಯಾಟರಿ ದೊಡ್ಡದಾದ್ದರಿಂದ ಅದು ಎರಡೂವರೆ ಪಟ್ಟು ದೂರ ಹೋಗುತ್ತದಲ್ಲವೇ?

ಉತ್ತರ: ವೋಲ್ಟನ್ನು ಆಂಪಿಯರ್-ಅವರಿನಿಂದ ಗುಣಿಸಿದರೆ ಬ್ಯಾಟರಿಯಲ್ಲಿ ಎಷ್ಟು ವ್ಯಾಟ್-ಅವರ್ ಶಕ್ತಿ ಇದೆ ಎಂಬುದು ಸಿಗುತ್ತದೆ. 36 ವೋಲ್ಟ್, 10 ಆಂಪಿಯರ್-ಅವರಿನ ಫುಟ್‌ಪಾತ್ ಗಾಡಿಯಲ್ಲಿ 360. 48 ವೋಲ್ಟ್, 20 ಆಂಪಿಯರ್-ಅವರಿನ ಆಫ್‌ರೋಡ್ ಗಾಡಿಯಲ್ಲಿ 960. ಇಲ್ಲಿಗೆ ನಿಮ್ಮ ಲೆಕ್ಕ ಸರಿ. ಆದರೆ ಹಗುರ ಗಾಡಿ ನಯವಾದ ರಸ್ತೆಯಲ್ಲಿ ಕಿಲೋಮೀಟರಿಗೆ ಸುಮಾರು 14 ವ್ಯಾಟ್-ಅವರ್ ತಿಂದರೆ, ಭಾರದ ಗಾಡಿ ಅಗಲ ಟೈರಿನೊಂದಿಗೆ ಮಣ್ಣು, ಹುಲ್ಲು, ಏರಿಳಿತಗಳಲ್ಲಿ 30ರವರೆಗೂ ತಿನ್ನುತ್ತದೆ. ಭಾಗಿಸಿ ನೋಡಿ: ಮೊದಲನೆಯದಕ್ಕೆ ಸುಮಾರು 26 ಕಿಲೋಮೀಟರ್, ಎರಡನೆಯದಕ್ಕೆ 32. ಎರಡೂವರೆ ಪಟ್ಟಿಗಿಂತ ದೊಡ್ಡ ಬ್ಯಾಟರಿಗೆ ದುಡ್ಡು ಕೊಟ್ಟು ನೀವು ಪಡೆದದ್ದು ಆರು ಕಿಲೋಮೀಟರ್. ಜಾಹೀರಾತಿನ ಅಂಕಿ ಸಾಮಾನ್ಯವಾಗಿ ಹಗುರ ಮೈಯ ಸವಾರ, ಸಮತಟ್ಟು ದಾರಿ, ನಿಧಾನ ವೇಗಗಳನ್ನು ಹಿಡಿದು ಅಳೆದದ್ದಾದ್ದರಿಂದ ಅದನ್ನು ಮೂರನೇ ಎರಡಕ್ಕೆ ಇಳಿಸಿಕೊಂಡೇ ಯೋಚಿಸಿ. 2 ಆಂಪಿಯರಿನ ಚಾರ್ಜರ್ ಕೊಟ್ಟಿದ್ದರೆ ಚಿಕ್ಕ ಬ್ಯಾಟರಿ ಐದು ಗಂಟೆಯ ಆಸುಪಾಸಿನಲ್ಲಿ ತುಂಬುತ್ತದೆ. ದೊಡ್ಡದಕ್ಕೆ ಹತ್ತು ಗಂಟೆಯಾದರೂ ಬೇಕು, ಎಂದರೆ ಸಂಜೆ ಪ್ಲಗ್ಗಿಗೆ ಹಾಕಲು ಮರೆತರೆ ಬೆಳಿಗ್ಗೆ ನಡೆದೇ ಹೋಗಬೇಕು.

ಪ್ರಶ್ನೆ: ನಮ್ಮ ತಂದೆಯವರಿಗೆ ಮಂಡಿನೋವು, ಕೂತು ಓಡಿಸುವ ಸ್ಕೂಟರ್ ಕೊಡಿಸಬೇಕೆಂದಿದ್ದೇವೆ. ಮನೆಯ ಸುತ್ತಲಿನ ಮಣ್ಣು ಹಾದಿಯಲ್ಲೂ ಓಡಾಡುವ ಆಸೆ ಅವರಿಗಿದೆ. ಮೂರು ಚಕ್ರದ್ದು ಸಾಕೇ, ಆಫ್‌ರೋಡ್ ಮಾದರಿಯೇ ಬೇಕೇ?

ಉತ್ತರ: ಮೇಲಿನ ಪತ್ರಗಳಿಗೆ ನಾನು ಫುಟ್‌ಪಾತ್ ಮಾದರಿಯ ಪರವಾಗಿ ವಾದಿಸಿದೆ, ನಿಮಗೆ ಬೇರೆ ಮಾತನ್ನೇ ಹೇಳುತ್ತೇನೆ. ನಿಂತು ಓಡಿಸುವವರು ಕಷ್ಟದ ಜಾಗ ಬಂದಾಗ ಇಳಿದು ತಳ್ಳಿಕೊಂಡು ಹೋಗಬಹುದು. ನಿಮ್ಮ ತಂದೆಯವರಿಗೆ ಅದು ಸಾಧ್ಯವಿಲ್ಲ. ಆದ್ದರಿಂದ ಅವರ ದಾರಿಯಲ್ಲಿರುವ ಅತ್ಯಂತ ಕೆಟ್ಟ ಹತ್ತು ಮೀಟರನ್ನು ಲೆಕ್ಕಕ್ಕೆ ಹಿಡಿದು ಗಾಡಿಯನ್ನು ಆರಿಸಬೇಕು.

ಮೂರು ಚಕ್ರದ ಗಾಡಿ ಮನೆಯೊಳಗೂ ಅಂಗಡಿಗಳೊಳಗೂ ಇಕ್ಕಟ್ಟಿನಲ್ಲಿ ಸುಲಭವಾಗಿ ತಿರುಗುತ್ತದೆ, ಕಾಲು ಚಾಚಲು ಜಾಗವೂ ಹೆಚ್ಚು. ಆದರೆ ಅಡ್ಡ ಇಳಿಜಾರಿನಲ್ಲಿ, ಅಂದರೆ ಒಂದು ಪಕ್ಕ ತಗ್ಗು ಇನ್ನೊಂದು ಪಕ್ಕ ದಿಣ್ಣೆ ಇರುವಲ್ಲಿ, ಅಥವಾ ವೇಗವಾಗಿ ತಿರುಗಿದಾಗ ಅದು ಬೇಗ ಮಗುಚುತ್ತದೆ. ಮಣ್ಣು ಹಾದಿಗೆ ನಾಲ್ಕು ಚಕ್ರವೇ ಸರಿ. ಅದರಲ್ಲೂ ಚಕ್ರಗಳು ದೊಡ್ಡವಿರಲಿ, ಹೊಟ್ಟೆಯ ಭಾಗಕ್ಕೂ ನೆಲಕ್ಕೂ ನಡುವೆ ಹತ್ತು ಸೆಂಟಿಮೀಟರಾದರೂ ಅಂತರವಿರಲಿ, ಹಿಂದಕ್ಕೆ ಮಗುಚದಂತೆ ತಡೆಯುವ ಪುಟ್ಟ ಗಾಲಿಗಳು ಇರಲಿ. ಅಂಚನ್ನು ಹತ್ತುವಾಗ ಯಾವಾಗಲೂ ನೇರವಾಗಿ ಹತ್ತಬೇಕು. ಓರೆಯಾಗಿ ಹತ್ತಿದರೆ ಒಂದು ಚಕ್ರ ಮೇಲೆ, ಒಂದು ಚಕ್ರ ಕೆಳಗೆ ಆಗಿ ಗಾಡಿ ವಾಲಿಬಿಡುತ್ತದೆ.

ಇಂಥ ಗಾಡಿಗಳಲ್ಲಿ ಗಾಡಿಯನ್ನು ಓಡಿಸುವ ಕೈಹಿಡಿಯ ಲಿವರನ್ನು ಬಿಟ್ಟ ಕೂಡಲೇ ವಿದ್ಯುತ್ ಬ್ರೇಕು ತಾನಾಗಿ ಬೀಳುತ್ತದೆ, ಇಳಿಜಾರಿನಲ್ಲೂ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಆದರೆ ಗಾಡಿಯನ್ನು ಕೈಯಿಂದ ತಳ್ಳಲೆಂದು ಹಿಂಭಾಗದಲ್ಲಿ ಒಂದು ಹಿಡಿ ಇರುತ್ತದೆ. ಅದನ್ನು ತಿರುಗಿಸಿದರೆ ಮೋಟಾರಿನ ಹಿಡಿತದ ಜೊತೆಗೆ ಈ ಬ್ರೇಕೂ ಕಳಚಿಹೋಗುತ್ತದೆ. ಮಕ್ಕಳು ಆಟಕ್ಕೆ ಅದನ್ನು ತಿರುಗಿಸಿಟ್ಟಿದ್ದರೆ ಇಳಿಜಾರಿನಲ್ಲಿ ಗಾಡಿ ಹತ್ತುವವರ ಗತಿಯೇನು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರತಿ ಸಲವೂ ಕೂರುವ ಮೊದಲು ಅದನ್ನು ಮುಟ್ಟಿ ನೋಡುವುದನ್ನು ರೂಢಿ ಮಾಡಿಸಿ. ಬ್ರಿಟನ್ನಿನಲ್ಲಿ ಈ ಬಗೆಯ ಗಾಡಿಗಳಿಗೆ ಫುಟ್‌ಪಾತಿನ ಮೇಲೆ ಗಂಟೆಗೆ 4 ಮೈಲಿ, ಅಂದರೆ ಸುಮಾರು 6.4 ಕಿಲೋಮೀಟರ್ ಮಿತಿಯಿದೆ. ರಸ್ತೆಗೆ ಇಳಿಯಬಲ್ಲ ದೊಡ್ಡ ಮಾದರಿಗೆ ರಸ್ತೆಯಲ್ಲಿ 8 ಮೈಲಿ. ನಿಯಮ ಇರಲಿ ಇಲ್ಲದಿರಲಿ, ನಡಿಗೆಯ ವೇಗಕ್ಕೆ ಕಟ್ಟಿಹಾಕುವ ಗುಂಡಿ ಇರುವ ಗಾಡಿಯನ್ನೇ ಕೊಡಿಸಿ.

ಪ್ರಶ್ನೆ: ಎರಡು ಚಕ್ರ ಅಕ್ಕಪಕ್ಕ ಇರುವ ಹಳೆಯ ಸೆಗ್‌ವೇ ಮಾರಾಟಕ್ಕಿದೆ. ಐ2 ಮತ್ತು ಎಕ್ಸ್2 ಎರಡೂ ಇವೆ. ಯಾವುದು ಒಳ್ಳೆಯದು?

ಉತ್ತರ: ಈ ಇಡೀ ಚರ್ಚೆಗೆ ಇವೆರಡಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಎರಡರ ಯಂತ್ರವೂ ಬಹುಪಾಲು ಒಂದೇ, ಗರಿಷ್ಠ ವೇಗವೂ ಒಂದೇ, ಗಂಟೆಗೆ 20 ಕಿಲೋಮೀಟರ್. ಐ2 ಫುಟ್‌ಪಾತಿಗೆ, ಎಕ್ಸ್2 ಕಾಡುಮೇಡಿಗೆ. ಎರಡನೆಯದಕ್ಕೆ ಅಗಲವಾದ, ಕಡಿಮೆ ಗಾಳಿಯ ಟೈರು ಹಾಕಿದ್ದಾರೆ. ಬಹುಮಟ್ಟಿಗೆ ಆ ಟೈರಿನ ದೆಸೆಯಿಂದ ಗಾಡಿಯ ಅಗಲ 63ರಿಂದ 84 ಸೆಂಟಿಮೀಟರಿಗೆ ಏರಿತು, ತೂಕ ಸುಮಾರು ಏಳು ಕಿಲೋ ಹೆಚ್ಚಿತು, ಒಂದು ಚಾರ್ಜಿಗೆ 38 ಕಿಲೋಮೀಟರ್ ಇದ್ದ ಗರಿಷ್ಠ ದೂರ 19ಕ್ಕೆ ಇಳಿಯಿತು. ನಿಮ್ಮ ಬಾಗಿಲಿನ ಅಗಲವನ್ನು ಅಳೆದ ಮೇಲೆ ಎಕ್ಸ್2 ಬಗ್ಗೆ ಮಾತಾಡೋಣ. ತಯಾರಿಕೆಯು 2020ರಲ್ಲೇ ನಿಂತಿರುವುದರಿಂದ ಬ್ಯಾಟರಿಗಳ ಸ್ಥಿತಿಯನ್ನು ಪರೀಕ್ಷಿಸದೆ ಎರಡರಲ್ಲಿ ಯಾವುದಕ್ಕೂ ಮುಂಗಡ ಕೊಡಬೇಡಿ.

ಪ್ರಶ್ನೆ: ಫುಟ್‌ಪಾತ್ ಮಾದರಿ ಎಂದ ಮೇಲೆ ಫುಟ್‌ಪಾತಿನಲ್ಲಿ ಓಡಿಸಬಹುದಲ್ಲವೇ? ಆಫ್‌ರೋಡ್ ಎಂದ ಮೇಲೆ ನೀರಿಗಿಳಿಸಬಹುದಲ್ಲವೇ?

ಉತ್ತರ: ಎರಡೂ ಮಾರಾಟಗಾರರು ಇಟ್ಟ ಹೆಸರುಗಳು, ಪರವಾನಗಿಗಳಲ್ಲ. ಉದಾಹರಣೆಗೆ, ಜರ್ಮನಿಯಲ್ಲಿ 2019ರ ನಿಯಮದಂತೆ ಇಂಥ ಸ್ಕೂಟರುಗಳ ವೇಗ ಗಂಟೆಗೆ 20 ಕಿಲೋಮೀಟರ್ ಮೀರುವಂತಿಲ್ಲ. ಸೈಕಲ್ ಪಥ ಇರುವಲ್ಲಿ ಅದರಲ್ಲೇ ಹೋಗಬೇಕು, ಫುಟ್‌ಪಾತಿಗೆ ಹತ್ತಿಸುವಂತಿಲ್ಲ. ನೀವಿರುವಲ್ಲಿನ ನಿಯಮವನ್ನು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಿ. ಬಲವಾದ ಮೋಟಾರಿನ ಆಫ್‌ರೋಡ್ ಗಾಡಿಯನ್ನು ಸಾರ್ವಜನಿಕ ರಸ್ತೆಗೇ ತರುವಂತಿಲ್ಲದ ದೇಶಗಳೂ ಇವೆ.

ನೀರಿನ ವಿಚಾರಕ್ಕೆ, ಧೂಳು ನೀರುಗಳನ್ನು ಎಷ್ಟು ತಡೆಯುತ್ತದೆಂದು ತಿಳಿಸುವ ಐಪಿ ಎಂಬ ಅಕ್ಷರಗಳ ಮುಂದಿನ ಎರಡನೆಯ ಅಂಕಿಯನ್ನು ನೋಡಿ. 4 ಎಂದಿದ್ದರೆ ಎರಚಿದ ನೀರನ್ನು ತಡೆಯುತ್ತದೆ, ಅಷ್ಟೇ. 7 ಎಂದಿದ್ದರೆ ಮಾತ್ರ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಾಳುತ್ತದೆ. ಭಾರಿ ಟೈರು, ಎರಡು ಮೋಟಾರ್, ಮುಂದೆ ದೊಡ್ಡ ದೀಪ ಎಲ್ಲ ಇದ್ದು ಕೊನೆಗೆ 4 ಎಂದು ಬರೆದಿರುವ ಆಫ್‌ರೋಡ್ ಗಾಡಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಅಂಥದನ್ನು ಹೊಂಡಕ್ಕೆ ಇಳಿಸಿದರೆ ನೀರು ಬ್ಯಾಟರಿ ಪೆಟ್ಟಿಗೆಯ ಅಂಚಿನಿಂದ ಒಳಗೆ ಜಿನುಗುತ್ತದೆ. ಒದ್ದೆಯಾದ ಗಾಡಿಯನ್ನು ಕೂಡಲೇ ಚಾರ್ಜಿಗೆ ಹಾಕದೆ, ಚಾರ್ಜಿಂಗ್ ತೂತಿನ ಮುಚ್ಚಳ ತೆಗೆದು ಒಂದು ರಾತ್ರಿ ಒಣಗಲು ಬಿಡಿ.