ಸಿಟ್ಟು ಎಲ್ಲರಿಗೂ ಇತ್ತು, ರಶೀದಿ ಪುಸ್ತಕ ಯಾರ ಹತ್ತಿರ ಇತ್ತು?

ಡೊಂಬಿವಲಿಯ ಓದುಗ ಮಿತ್ರರೇ,

ನಿಮ್ಮ ಪತ್ರ ಓದಿದೆ. ಅಕ್ಷರ ಮುದ್ದಾಗಿದೆ, ಸಿಟ್ಟು ಸ್ವಲ್ಪ ಜಾಸ್ತಿಯೇ ಇದೆ. ಬ್ರಿಟಿಷರನ್ನು ಓಡಿಸಿದ್ದು ಕತ್ತಿ ಹಿಡಿದವರು, ಠರಾವು ಪಾಸು ಮಾಡುತ್ತಾ ಕೂತ "ಅರ್ಜಿವೀರರು" ಅಲ್ಲ, ನಮ್ಮ ಪತ್ರಿಕೆ ಸುಮ್ನೆ ಅವರನ್ನು ಹೊಗಳುತ್ತದೆ ಅಂತ ಬರೆದಿದ್ದೀರಿ. ಅರ್ಜಿವೀರರು! ಒಳ್ಳೇ ಮಾತು, ಮುಂದೆ ಎಲ್ಲಾದರೂ ನಾನೂ ಬಳಸುತ್ತೇನೆ.

ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. 1831ರಲ್ಲಿ ನಂದಗಡದಲ್ಲಿ ನೇಣಿಗೇರಿದ ಸಂಗೊಳ್ಳಿ ರಾಯಣ್ಣ, 1857ರಲ್ಲಿ ಆಯುಧ ಒಪ್ಪಿಸಲ್ಲ ಎಂದು ನಿಂತ ಹಲಗಲಿಯ ಬೇಡರು, ಇವರಿಗೆ ಕೈ ಮುಗಿಯದವರು ಯಾರಿದ್ದಾರೆ? ಆಯಿತಲ್ಲ, ಈಗ ನನ್ನ ಮಾತು ಕೇಳಿ. ಸಿಟ್ಟಿನ ಜೊತೆಗೆ ರಶೀದಿ ಪುಸ್ತಕ ಹಿಡಿದು, ಸಹಿ ಹಾಕಿಸಿ, ಸಂಘಟನೆ ಕಟ್ಟುವವರೂ ಬೇಕಿತ್ತು.

ನೀವು ಅಷ್ಟು ಪ್ರೀತಿಯಿಂದ ನೆನೆದ ವಾಸುದೇವ ಬಳವಂತ ಫಡ್ಕೆಯವರನ್ನೇ ತೆಗೆದುಕೊಳ್ಳಿ. ಪುಣೆಯ ಮಿಲಿಟರಿ ಲೆಕ್ಕಪತ್ರ ಕಚೇರಿಯಲ್ಲಿ ಗುಮಾಸ್ತರು. ತಾಯಿ ಹಾಸಿಗೆ ಹಿಡಿದಾಗ ರಜೆ ಸಿಗಲಿಲ್ಲ, ಮುಖ ನೋಡುವ ಮೊದಲೇ ತಾಯಿ ಹೋದರು. ಆಮೇಲೆ 1876ರಿಂದ 78ರ ಭೀಕರ ಬರ. ಸಿಟ್ಟಿಗೆ ಇನ್ನೇನು ಬೇಕು? 1879ರಲ್ಲಿ ಮಹಾರಾಷ್ಟ್ರದ ರಾಮೋಶಿ ಸಮುದಾಯದವರನ್ನು ಕಟ್ಟಿಕೊಂಡು ಬಂಡೆದ್ದರು, ಆದರೆ ಜೊತೆಗಿದ್ದವರಿಗೆ ಸ್ವರಾಜ್ಯಕ್ಕಿಂತ ಕೊಳ್ಳೆಯ ಮೇಲೇ ಕಣ್ಣು ಎಂದು ಕೊನೆಗೆ ನೊಂದು ಬರೆದವರು ಅವರೇ. ಅದೇ ಜುಲೈನಲ್ಲಿ ನಮ್ಮ ಬಿಜಾಪುರದ ಕಡೆ ಸಿಕ್ಕಿಬಿದ್ದರು. 1883ರಲ್ಲಿ ಏಡನ್ ಜೈಲಿನಲ್ಲಿ ತೀರಿಕೊಂಡರು.

ಕೋರ್ಟಿನಲ್ಲಿ ಅವರ ಪರ ವಕಾಲತ್ತು ಹಾಕಿದ್ದು ಯಾರು ಗೊತ್ತಾ? ಗಣೇಶ ವಾಸುದೇವ ಜೋಶಿ. ಪುಣೆ ಜನ ಸಾರ್ವಜನಿಕ ಕಾಕಾ ಎಂದು ಕರೆಯುತ್ತಿದ್ದವರು. ನಿಮ್ಮ ಲೆಕ್ಕದಲ್ಲಿ ಅಪ್ಪಟ ಅರ್ಜಿವೀರ!

ಈ ಕಾಕಾ ಬಗ್ಗೆ ಮಾತು ಶುರುವಾದರೆ ನನ್ನನ್ನು ನಿಲ್ಲಿಸುವುದು ಕಷ್ಟ, ನಮ್ಮ ಕಚೇರಿಯವರನ್ನು ಕೇಳಿ. ಪುಣೆಯ ಪರ್ವತಿ ದೇವಸ್ಥಾನದ ಆಡಳಿತದ ಮೇಲೆ ತಕರಾರು ಎದ್ದಿತ್ತು. ದೂರು ಕೊಡಲು ಹೋದವರಿಗೆ ಎದುರಾದ ಪ್ರಶ್ನೆ, ನೀವು ಯಾರ ಪರವಾಗಿ ಬಂದಿದ್ದೀರಿ? ಅದಕ್ಕೆ ಉತ್ತರವಾಗಿ 1870ರಲ್ಲಿ ಹುಟ್ಟಿದ್ದು ಸಾರ್ವಜನಿಕ ಸಭಾ. ಸದಸ್ಯನಾಗಬೇಕಾದರೆ ಕನಿಷ್ಠ 50 ಜನ ಸಹಿ ಹಾಕಿದ ಮುಖತ್ಯಾರ ಪತ್ರ, ಅಂದರೆ ನಮ್ಮ ಪರವಾಗಿ ಇವರು ಮಾತಾಡಲಿ ಎಂಬ ಒಪ್ಪಿಗೆ ಪತ್ರ ತರಬೇಕು. ಸ್ವಲ್ಪ ಯೋಚಿಸಿ. ಪೇಟೆಯಲ್ಲಿ ಮನೆ ಮನೆ ತಿರುಗಿ, ಜಗಲಿ ಮೇಲೆ ಕೂತು, ಹೆದರುವವನಿಗೆ ಧೈರ್ಯ ಹೇಳಿ, ಒಂದೊಂದೇ ಸಹಿ ಹಾಕಿಸಿಕೊಳ್ಳುವ ಕೆಲಸ ಅದು. ಇದಕ್ಕೆ ಯಾರೂ ಲಾವಣಿ ಕಟ್ಟಲ್ಲ. ಇದೇ ಜೋಶಿ, ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿ ಎಂದು ಸಾರಿದ 1877ರ ದೆಹಲಿ ದರ್ಬಾರಿಗೆ ಕೈಯಲ್ಲಿ ನೂತ ಬಟ್ಟೆ ತೊಟ್ಟು ಹೋದರು. ಆಗ ಗಾಂಧೀಜಿಗೆ ಇನ್ನೂ ಏಳೆಂಟು ವರ್ಷ.

ಇನ್ನು ಬರಿ ಅರ್ಜಿ ಅಂತೀರಲ್ಲ, 1896-97ರ ಬರದಲ್ಲಿ ಇದೇ ಸಭಾದ ಜನ ಹಳ್ಳಿ ಹಳ್ಳಿಗೆ ಹೋದರು. ಸರ್ಕಾರದ್ದೇ ಬರ ನಿಯಮಾವಳಿ ರೈತರ ಮುಂದಿಟ್ಟು, ಬೆಳೆ ಹೋದರೆ ಕಂದಾಯದಲ್ಲಿ ರಿಯಾಯಿತಿ ನಿಮ್ಮ ಹಕ್ಕು ಎಂದು ತಿಳಿಸಿ ಹೇಳಿದರು. ಸರ್ಕಾರಕ್ಕೆ ಎಷ್ಟು ಉರಿಯಿತೆಂದರೆ 1897ರಲ್ಲಿ ಸಭಾದ ಮಾನ್ಯತೆಯನ್ನೇ ಕಿತ್ತುಕೊಂಡಿತು. ಬಂದೂಕಿಗೆ ಉತ್ತರ ಕೊಡಲು ಅವರ ಹತ್ತಿರ ಪಲ್ಟನ್ನು ಇತ್ತು, ಕಾನೂನು ಓದಿಕೊಂಡ ರೈತನಿಗೆ ಏನು ಉತ್ತರ ಕೊಡಬೇಕು?

ನಮ್ಮ ಮುಂಬಯಿಯಲ್ಲೂ ನೋಡಿ. 1885ರ ಡಿಸೆಂಬರಿನಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ ಪುಣೆಯಲ್ಲಿ ಆಗಬೇಕಿತ್ತು, ಕಾಲರಾ ಬಂದು ಇಲ್ಲಿನ ಗೋಕುಲದಾಸ ತೇಜ್‌ಪಾಲ್ ಪಾಠಶಾಲೆಗೆ ಬಂತು. ಸೇರಿದ್ದು 72 ಜನ, ಹೆಚ್ಚಿನವರು ಕೋಟು ಹಾಕಿಕೊಂಡವರು, ನಿಮಗೆ ನಗು ಬರಬಹುದು. ಆದರೆ 1908ರಲ್ಲಿ ತಿಲಕರಿಗೆ ಆರು ವರ್ಷ ಶಿಕ್ಷೆ ಆದಾಗ ಗಿರಣಿ ಕಾರ್ಮಿಕರು ಆರು ದಿನ ಕೆಲಸ ನಿಲ್ಲಿಸಿದರು. 1920ರ ನಾಗಪುರ ಅಧಿವೇಶನದಲ್ಲಿ ನಾಲ್ಕಾಣೆ ಕೊಟ್ಟವರೆಲ್ಲ ಸದಸ್ಯರು ಎಂದಾಯಿತು, ಭಾಷೆಗೊಂದು ಪ್ರಾಂತ ಸಮಿತಿಯೂ ಆಯಿತು. ಧಾರವಾಡ, ಬೆಳಗಾವಿಯವರೆಲ್ಲ ಮುಂಬಯಿ ಸರ್ಕಾರದ ಕೈಕೆಳಗೇ ಇದ್ದ ಕಾಲವದು. ಕರ್ನಾಟಕಕ್ಕೆ ತನ್ನದೇ ಸಮಿತಿ ಸಿಕ್ಕಿದ್ದು ಒಂದು ಠರಾವಿನಿಂದ, ಸ್ವಾಮಿ. 1942ರಲ್ಲಿ "ಚಲೇಜಾವ್" ಕೂಗು ಎದ್ದ ಗೋವಾಲಿಯಾ ಟ್ಯಾಂಕ್ ಮೈದಾನ ಆ ಪಾಠಶಾಲೆಯ ಹತ್ತಿರವೇ ಇದೆ. ನಡುವೆ 57 ವರ್ಷ.

ನನಗೆ ಬೇಜಾರು ನಿಮ್ಮ ಮೇಲಲ್ಲ. ಈ ಊರಿನ ನಮ್ಮ ಸಂಘಗಳನ್ನೇ ನೋಡಿ. ಯಕ್ಷಗಾನಕ್ಕೆ ಸಭಾಂಗಣ ತುಂಬುತ್ತದೆ, ಊಟಕ್ಕೆ ಸಾಲು ಮೆಟ್ಟಿಲವರೆಗೆ ಬರುತ್ತದೆ. ವಾರ್ಷಿಕ ಮಹಾಸಭೆ ದಿನ ಕೋರಂ ಇಲ್ಲ! ಲೆಕ್ಕ ಓದುವ ಖಜಾಂಚಿಯ ಎದುರು ನಾಲ್ಕು ಮುದುಕರು, ಅದರಲ್ಲೊಬ್ಬರಿಗೆ ನಿದ್ದೆ. ಮನೆಗೆ ಬಂದು ವಾಟ್ಸಾಪಿನಲ್ಲಿ ಮಾತ್ರ ಎಲ್ಲರೂ ಕ್ರಾಂತಿಕಾರಿಗಳು. ಕನ್ನಡ ಶಾಲೆ ಮುಚ್ಚಿತು ಎಂದು ಅಳುವ ಇಮೋಜಿ ಹಾಕುತ್ತಾರೆ, ಉಳಿಸಿ ಎಂದು 50 ಸಹಿ ತರುವವರು ಸಿಗಲ್ಲ.

ಆಗಸ್ಟ್ ಸಂಚಿಕೆಯಲ್ಲಿ ಕ್ರಾಂತಿಕಾರಿಗಳಿಗೆ ಜಾಗ ಕೊಡಿ ಅಂತ ಕೇಳಿದ್ದೀರಿ. ಕೊಡುತ್ತೇನೆ, ನಾಲ್ಕು ಪುಟ, ಫಡ್ಕೆ ಬಗ್ಗೆ ನೀವೇ ಬರೆಯಿರಿ. ಐದನೇ ಪುಟ ಕಾಕಾ ಅವರದ್ದು, ಅದರಲ್ಲಿ ಚೌಕಾಸಿ ಇಲ್ಲ. ಹಾಗೇ ಇನ್ನೊಂದು ವಿಷಯ, ನಿಮ್ಮ ಚಂದಾ ಮಾರ್ಚಿನಲ್ಲೇ ಮುಗಿದಿದೆ.

ಸಂ.